ಮಾಸ್ತರ ಹೊಲ

ಸುರಪುರದ ಕಡೆ ಹಕ್ಕಿ ನೋಡಲು ಬರುವವರೆಲ್ಲ ಬೋನಾಳಕ್ಕೆ ಹೋಗುತ್ತಾರೆ. ಅಲ್ಲಿ ಕೆರೆ ಇದೆ, ಚಳಿಗಾಲಕ್ಕೆ ದೂರದೇಶದ ಬಾತುಗಳು ಬಂದು ಇಳಿಯುತ್ತವೆ, ದಂಡೆಯ ಮೇಲೆ ನಿಂತರೆ ಕಣ್ಣಿಗೆ ಬೇಕಾದಷ್ಟು ಸಿಗುತ್ತದೆ. ನನ್ನ ಗಂಡ ಬೋನಾಳಕ್ಕೆ ಹೋಗುತ್ತಿದ್ದುದು ಅಪರೂಪ. ಅವರು ನಮ್ಮೂರ ಗುಡ್ಡದ ಬುಡದಲ್ಲಿದ್ದ ಕಂಟಿಯೊಳಗೆ ಹೊಕ್ಕು, ಮುಳ್ಳುಪೊದೆಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು, ಒಂದು ಹಕ್ಕಿಯ ದಾರಿ ಕಾಯುತ್ತಿದ್ದರು. ಆ ಹಕ್ಕಿ ಗುಬ್ಬಿಗಿಂತ ತುಸು ಚಿಕ್ಕದು. ಬೆನ್ನು ಮಣ್ಣಿನ ಬಣ್ಣ, ಹೊಟ್ಟೆ ಕೆಂಪುಗಂದು, ದನಿಯೂ ಅಷ್ಟಕ್ಕಷ್ಟೆ. ಪುಸ್ತಕದ ಪ್ರಕಾರ ಅದು ಹರಟೆಮಲ್ಲಗಳ ಕುಲದ್ದು. ಊರಲ್ಲಿ ಅದಕ್ಕೊಂದು ಹೆಸರೂ ಇರಲಿಲ್ಲ. ನೋಡಿದವರೇ ಇಲ್ಲದ ಮೇಲೆ ಹೆಸರಿಡುವವರು ಯಾರು.

ಮದುವೆಯಾದ ಹೊಸತರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಊರ ಶಾಲೆಯಲ್ಲಿ ಟೀಚರು, ಅವರು ಶಹಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವರು. ಬೆಳಕು ಹರಿಯುವ ಮೊದಲೇ ಎದ್ದು ಕಂಟಿಗೆ ಹೋದರೆ ಬಸ್ಸಿನ ಹೊತ್ತಿಗೇ ಬರುತ್ತಿದ್ದುದು. ಅಂಗಿ ಹರಿದಿರುತ್ತಿತ್ತು, ಮೊಣಕಾಲಿಗೆ ರಕ್ತ. ರೊಟ್ಟಿ ತಟ್ಟುತ್ತ ನಾನು ಒಂದೇ ಸಮ ಬೈಯುವುದು, ಅವರು ಕೇಳಿಯೂ ಕೇಳದ ಹಾಗೆ ಚಹಾ ಕುಡಿಯುವುದು, ನಮ್ಮ ಸಂಸಾರದ ಬೆಳಗು ಹೀಗಿತ್ತು. ರಜೆಯ ದಿನ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ನಾನು ಬಂಡೆಯ ಮೇಲೆ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ನಾಲ್ಕಾರು ವರ್ಷ ಹಾಗೆ ಕೂತ ಮೇಲೆ, ಯಾರೂ ಹೇಳಿಕೊಡದೆ, ಆ ಹಕ್ಕಿಯ ಸಣ್ಣ ದನಿ ನನ್ನ ಕಿವಿಗೂ ಹತ್ತಿತು. ಆ ಮೇಲೆ ಬೈಗಳು ಕಡಿಮೆಯಾದವು ಎಂದಲ್ಲ, ಆದರೆ ಹುರುಪು ಹೋಯಿತು.

ನಮ್ಮ ಪಕ್ಕದ ಮನೆ ಕಾಕಾ ಮತ್ತು ಕಾಕುವಿನದು. ರಕ್ತಸಂಬಂಧ ಏನೂ ಇಲ್ಲ. ನಾವಿಬ್ಬರೂ ಬೇರೆ ಊರಿನಿಂದ ಬಂದವರು, ಅವರು ಇದೇ ಮಣ್ಣಿನಲ್ಲಿ ಹುಟ್ಟಿ ಒಕ್ಕಲುತನ ಮಾಡಿಕೊಂಡು ಬಂದವರು. ಇಬ್ಬರೂ ನಮ್ಮನ್ನು ಮನೆಯ ಮಕ್ಕಳ ಹಾಗೆ ನೋಡಿಕೊಂಡರು. ನನ್ನ ಗಂಡನ ಕಂಟಿಗೆ ಹೆಸರಿಟ್ಟವರು ಈ ಕಾಕಾ. ಇವರು ಬೆಳಿಗ್ಗೆ ಕುತ್ತಿಗೆಗೆ ದುರ್ಬೀನು ಹಾಕಿಕೊಂಡು ಹೊರಟರೆ ಕಟ್ಟೆಯ ಮೇಲೆ ಕೂತವರಿಗೆಲ್ಲ ಕೇಳುವಂತೆ, "ಮಾಸ್ತರ ತಮ್ಮ ಹೊಲಕ್ಕ ಹೊಂಟಾರ ನೋಡ್ರಿ. ಬಿತ್ತಂಗಿಲ್ಲ, ಬೆಳಿಯಂಗಿಲ್ಲ, ಆದ್ರೂ ಒಂದ ದಿನ ತಪ್ಪಂಗಿಲ್ಲ" ಎನ್ನುತ್ತಿದ್ದರು. ಕಾಕುವಿನ ಬಾಯಿಯೂ ಕಡಿಮೆಯಲ್ಲ. "ಮದುವಿ ಆದ್ರ ಹುಚ್ಚು ಬಿಡತದ ಅಂತಾರ. ನಮ್ಮ ಮಾಸ್ತರಗ ಮದುವಿ ಆದಮ್ಯಾಲೇ ಜಾಸ್ತಿ ಆಗ್ಯದ" ಎಂದು ನನ್ನ ಕಡೆ ನೋಡಿ ನಗುತ್ತಿದ್ದಳು. ಹಾಗೆ ನಕ್ಕವಳೇ ಸಂಜೆ ಅವರನ್ನು ತನ್ನ ಅಂಗಳದಲ್ಲಿ ಕೂರಿಸಿ, ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಪಿನ್ನಿನಿಂದ ಮುಳ್ಳು ತೆಗೆಯುತ್ತಿದ್ದಳು. ಮುಳ್ಳು ಬಂದ ಕಡೆ ಎಕ್ಕೆಯ ಹಾಲು ಹಚ್ಚುತ್ತಿದ್ದಳು. ಆ ಮುಳ್ಳುಗಳಿಗೆ ಅವಳು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ.

ಆ ಹಕ್ಕಿಗೆ ಬೇಕಾದದ್ದು ಮಾತ್ರ ಅದೇ ಮುಳ್ಳು. ಮಳೆ ಬಿದ್ದ ಮೇಲೆ ಕವಳಿ ಕಂಟಿ, ಬಾರಿ ಕಂಟಿಗಳ ಒಡಲಲ್ಲಿ, ನೆಲದಿಂದ ಗೇಣು ಎರಡು ಗೇಣು ಎತ್ತರದಲ್ಲಿ, ಒಣಹುಲ್ಲಿನ ಚೆಂಡಿನಂಥ ಗೂಡು ಕಟ್ಟುತ್ತದೆ. ಸುತ್ತ ಮುಳ್ಳಿದ್ದರೆ ಕಾಗೆ ಬರುವುದಿಲ್ಲ, ಬೆಕ್ಕು ಬರುವುದಿಲ್ಲ. ಬಯಲಿನ ಮೇಲೆ ದೂರ ಹಾರುವ ಧೈರ್ಯವೂ ಅದಕ್ಕಿಲ್ಲ, ಪೊದೆಯಿಂದ ಪೊದೆಗೆ ಸುಳಿದಾಡುವುದೇ ಅದರ ಬಾಳು. ಕಾಲುವೆಯ ನೀರು ಬರುವ ಮೊದಲು ನಮ್ಮ ಸೀಮೆಯಲ್ಲಿ ಗುಡ್ಡದಿಂದ ಗುಡ್ಡಕ್ಕೆ ಕಂಟಿ ಹಬ್ಬಿತ್ತಂತೆ. ನೀರು ಬಂದದ್ದೇ ಭತ್ತ ಬಂತು, ಹತ್ತಿ ಬಂತು, ಬದುವಿನ ಪೊದೆಗಳೂ ಹೋದವು. ಉಳಿದದ್ದು ಎರಡೇ ಕಡೆ. ಊರ ಮುಂದಿನ ಗುಡ್ಡದ ಬುಡದಲ್ಲಿ ಒಂದು ತುಂಡು ಕಂಟಿ, ಭತ್ತದ ಗದ್ದೆಗಳಾಚೆ ಹಿಂದಿನ ಗುಡ್ಡದಲ್ಲಿ ಇನ್ನೊಂದು. ಎರಡೂ ಗಾಯರಾಣ, ಅಂದರೆ ಊರಿನವರೆಲ್ಲರ ದನ ಮೇಯುವ ಜಾಗ. ಹಕ್ಕಿ ಹೆಚ್ಚಾಗಿ ಕಾಣುತ್ತಿದ್ದುದು ಮುಂದಿನ ಗುಡ್ಡದಲ್ಲಿ. ಹಿಂದಿನ ಗುಡ್ಡದಲ್ಲಿ ಒಮ್ಮೊಮ್ಮೆ ದನಿ ಕೇಳಿದೆ ಎನ್ನುತ್ತಿದ್ದರು, ಗೂಡು ಕಂಡಿರಲಿಲ್ಲ.

ಊರಿನವರಿಗೆ ಅವರು ಹೇಳಿಕೊಂಡದ್ದು ಒಂದೇ ಮಾತು: ಅಲ್ಲಿ ಕೊಡಲಿ ಹಾಕಬೇಡಿ. ಯಾಕೆ ಎಂದು ಬಿಡಿಸಿ ಹೇಳಲಿಲ್ಲ. ಹೇಳುವುದಾದರೂ ಹೇಗೆ. ಒಕ್ಕಲಿಗನ ಮುಂದೆ ನಿಂತು ನನಗೆ ಮುಳ್ಳು ಬೇಕು ಎಂದರೆ ಯಾರು ನಗುವುದಿಲ್ಲ. ನಮ್ಮ ಕಡೆ ಹೊಲದಲ್ಲಿ ಕಂಟಿ ಬೆಳೆದರೆ ಅದು ಮೈಗಳ್ಳನ ಹೊಲ ಎಂದೇ ಲೆಕ್ಕ. ಆದರೂ ಯಾರೂ ಕೊಡಲಿ ಹಾಕಲಿಲ್ಲ. ಹಕ್ಕಿಗಾಗಿ ಅಲ್ಲ, ಮಾಸ್ತರ ಮಾತಿಗಾಗಿ. ಅಷ್ಟು ಸಾಕು ಎಂದು ಅವರೂ ತಿಳಿದರು, ನಾನೂ ತಿಳಿದೆ.

ಆಮೇಲೆ ಅವರಿಗೆ ಹೊಟ್ಟೆಯಲ್ಲಿ ಗಂಟು ಎಂದು ಕಲಬುರಗಿಯ ಆಸ್ಪತ್ರೆಯಲ್ಲಿ ಹೇಳಿದರು. ಬೇಸಿಗೆ ಪೂರ್ತಿ ಅಲ್ಲೇ ಕಳೆಯಿತು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ, ಹೊರಗೆ ಮೋಡ ಕಟ್ಟಿದ್ದನ್ನು ಕಿಟಕಿಯಲ್ಲಿ ನೋಡಿ, "ಮಳಿ ಬಿದ್ದಮ್ಯಾಲ ಹೋಗಿ ನೋಡು. ಈ ವರ್ಷನೂ ಗೂಡು ಕಟ್ಟ್ಯಾವೇನು" ಎಂದರು.

"ಎದ್ದು ಬಂದು ನೀವ ನೋಡಕೋರಿ" ಎಂದೆ ನಾನು. ನನ್ನ ಸ್ವಭಾವವೇ ಅದು, ಅಳು ಬಂದರೆ ಸಿಟ್ಟಿನ ಮಾತಾಗಿ ಬರುತ್ತದೆ. ಅವರಿಗೆ ಅದು ಗೊತ್ತಿತ್ತು. ನಕ್ಕರು. ಮುಂಗಾರಿನ ಮಿರಗಾ ಮಳೆ ಹನಿಯುವ ಹೊತ್ತಿಗೆ ಅವರನ್ನು ಊರಿಗೆ ತಂದು ಮಣ್ಣು ಮಾಡಿದೆವು.

ನಮ್ಮ ಕಡೆ ಒಂದು ಪದ್ಧತಿ ಇದೆ. ಹಂಗಾಮಿನ ದಿನಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ ಆ ಮನೆಯ ಹೊಲದ ಕೆಲಸವನ್ನು ಊರಿನವರು ಮಾಡುತ್ತಾರೆ. ಕರೆಯುವ ಹಾಗಿಲ್ಲ, ಕೂಲಿಯ ಮಾತಿಲ್ಲ, ಊಟವನ್ನೂ ಅವರೇ ಕಟ್ಟಿಕೊಂಡು ಬರುತ್ತಾರೆ. ಮೊದಲು ಸತ್ತವರ ಮನೆಯ ಹೊಲ ಹಸನಾಗಬೇಕು, ಆಮೇಲೆ ತಮ್ಮದು. ದುಃಖದ ಮನೆಯ ಭೂಮಿಯಲ್ಲಿ ಕಸ ಎದ್ದರೆ ಅದು ಊರಿಗೇ ಅವಮಾನ. ಎಷ್ಟೋ ಮನೆಗಳಿಗೆ ನನ್ನ ಗಂಡನೂ ಹೀಗೆ ಕೆಲಸಕ್ಕೆ ಹೋಗಿದ್ದುಂಟು. ಕಳೆ ತೆಗೆಯುವ ಕುರ್ಚಿಗಿ ಹಿಡಿಯಲು ಬಾರದೆ ಕೈ ಕೊಯ್ದುಕೊಂಡು ಬಂದಿದ್ದುಂಟು.

ಮಣ್ಣು ಮಾಡಿದ ನಾಲ್ಕಾರು ದಿನಕ್ಕೆ ಕಾಕಾ ಬಂದು ಪಡಸಾಲೆಯಲ್ಲಿ ಕೂತರು. ಎದ್ದು ಹೋಗುವಾಗ, "ಅಕ್ಕೋರ, ನಿಮಗ ಭೂಮಿ ಇಲ್ಲ. ಆದ್ರ ಮಾಸ್ತರ ಹೊಲ ಅಂತ ಒಂದ ಅದ. ಅದನ್ನ ನಾವು ನೋಡಕೋತೀವಿ. ನೀವು ಫಿಕರ್ ಮಾಡಬ್ಯಾಡ್ರಿ" ಎಂದರು.

ನನಗೆ ಎದೆ ತುಂಬಿ ಬಂತು. ಆಡು ಬಿಡದ ಹಾಗೆ, ಕೊಡಲಿ ಬೀಳದ ಹಾಗೆ ಕಾಯುತ್ತಾರೆ ಎಂದು ತಿಳಿದೆ. ಬೇರೆ ಹೇಗೆ ತಿಳಿಯಲಿ. ನಾನು ದುಃಖದ ದಿನಗಳು ಮುಗಿಯುವವರೆಗೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಬಂದು ಹೋಗುವ ನೆಂಟರ ನಡುವೆ ಕೂತಾಗಲೂ ಒಂದೇ ಯೋಚನೆ ಇತ್ತು. ಮಳೆ ಚೆನ್ನಾಗಿ ಆಗಿದೆ, ಹೋಗಿ ಗೂಡು ನೋಡಬೇಕು, ಅವರು ಕೇಳಿದ್ದಕ್ಕೆ ಉತ್ತರ ತರಬೇಕು. ಯಾರಿಗೆ ಹೇಳಬೇಕೋ ಅವರೇ ಇರಲಿಲ್ಲ, ಆದರೂ ತರಬೇಕು. ಆ ಒಂದು ಕೆಲಸ ಇಲ್ಲದಿದ್ದರೆ ನಾನು ಆ ದಿನಗಳಲ್ಲಿ ಎದ್ದು ಮುಖ ತೊಳೆಯುತ್ತಿರಲಿಲ್ಲ.

ದಿನ ಮುಗಿದ ಮರುದಿನ ಬೆಳಿಗ್ಗೆ ಕಾಕು ಬಂದಳು. ತಲೆ ತುಂಬ ಸೆರಗು, ಕೈಯಲ್ಲಿ ಬುತ್ತಿಯ ಗಂಟು. "ಏಳ್ರಿ ಅಕ್ಕೋರ. ಊರ ಮಂದಿ ಎಲ್ಲಾ ಅಲ್ಲೇ ಅದಾರ. ಒಂದ ಸಲ ಬಂದು ನೋಡ್ರಿ, ಮನಸ್ಸು ಹಗುರಾಗ್ತದ" ಎಂದು ಕೈ ಹಿಡಿದು ಕರೆದುಕೊಂಡು ಹೋದಳು.

ಜಾಗ ಗುರುತು ಹತ್ತಲಿಲ್ಲ. ಬೇರೆ ಕಡೆ ಕರೆತಂದಳೇನೋ ಎಂದುಕೊಂಡೆ. ನಾನು ಕೂರುತ್ತಿದ್ದ ಬಂಡೆ ಕಂಡ ಮೇಲೆಯೇ ಗೊತ್ತಾದದ್ದು. ಬಂಡೆಯ ಸುತ್ತ ಕೆಂಪು ನೆಲ, ಗುದ್ದಲಿಯಿಂದ ಕೆತ್ತಿ, ಕಸಬರಿಗೆಯಿಂದ ಗುಡಿಸಿದ ನೆಲ. ಒಂದು ಕಂಟಿ ಇಲ್ಲ, ಒಂದು ಬುಡ ಇಲ್ಲ. ಬೇವು, ಬನ್ನಿಯ ದೊಡ್ಡ ಗಿಡಗಳನ್ನು ಮಾತ್ರ ಬಿಟ್ಟು, ಅವುಗಳ ಬೊಡ್ಡೆಗೆ ಸುಣ್ಣ ಹಚ್ಚಿದ್ದರು. ಒಂದು ಬೇವಿನ ಸುತ್ತ ಕಲ್ಲಿನ ಕಟ್ಟೆ ಏಳುತ್ತಿತ್ತು. ಕಡಿದ ಮುಳ್ಳನ್ನೆಲ್ಲ ಬದಿಗೆ ಬಣವಿ ಹಾಕಿದ್ದರು. ಗಂಡಸರು, ಹೆಂಗಸರು, ಮೈತುಂಬ ಗೀರು, ಕೈಯಲ್ಲಿ ಕೊಡಲಿ, ಕುಡುಗೋಲು. ನನ್ನನ್ನು ಕಂಡು ಎಲ್ಲರೂ ಕೆಲಸ ನಿಲ್ಲಿಸಿ ಎದ್ದು ನಿಂತರು.

"ಕಂಟಿ ಎಲ್ಲದ ಕಾಕಾ?" ಎಂದೆ.

"ಒಂದೂ ಉಳಿಸಿಲ್ರಿ ಅಕ್ಕೋರ" ಎಂದರು ಕಾಕಾ. ಟಾವೆಲ್ಲಿನಿಂದ ಮುಖ ಒರೆಸಿಕೊಂಡರು. "ಮುಳ್ಳೆಲ್ಲಾ ಸಾಫ್ ಮಾಡೇವಿ, ಮಾಸ್ತರ ಕೊಡ್ಲಿ ಹಾಕಬ್ಯಾಡ್ರಿ ಅಂದಿದ್ದ ಗಿಡ ಮಾತ್ರ ಮುಟ್ಟಿಲ್ಲ. ಪಾಪ, ಆ ಮುಳ್ಳಾಗ ಹರದಾಡಿ ಹರದಾಡಿ ಎಷ್ಟ ತ್ರಾಸ ಪಟ್ಟಾರ ನಮ್ಮ ಮಾಸ್ತರ. ಬಾಯಿ ಬಿಟ್ಟು ಒಂದ ದಿನ ಹೇಳಲಿಲ್ಲ, ನನ್ನ ಹೊಲ ಜರಾ ಹಸನ ಮಾಡಿಕೊಡ್ರಿ ಅಂತ. ಅವರು ಇದ್ದಾಗ ಮಾಡಬೇಕಿತ್ತು, ನಮ್ಮ ತೆಲಿಗೆ ಹೊಳಿಲಿಲ್ಲ. ಅದ ಒಂದ ಸಂಕಟ ನೋಡ್ರಿ." ಹಾಗೆನ್ನುತ್ತ ಅತ್ತುಬಿಟ್ಟರು. ಆ ಮನುಷ್ಯ ಅತ್ತದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ಇಪ್ಪತ್ತು ವರ್ಷ ಒಬ್ಬ ಮನುಷ್ಯ ಕಾಯ್ದದ್ದನ್ನು ಕೆಲವೇ ದಿನಗಳಲ್ಲಿ ಗುಡಿಸಿ ಹಾಕಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ದೊಣ್ಣೆ ಹಿಡಿದವರು ವೈರಿಗಳಲ್ಲವಲ್ಲ. ತಮ್ಮ ಹೊಲದ ಬಿತ್ತನೆ ಬಿಟ್ಟು, ಹದ ಆರಿಹೋಗುತ್ತದೆ ಎಂದು ಗೊತ್ತಿದ್ದೂ, ಇಲ್ಲಿಗೆ ಬಂದಿದ್ದರು. "ಚಲೋ ಮಾಡೀರಿ" ಎಂದೆ. ನೆರಳಿಗೆ ಕೂರಿಸಿ ಊಟಕ್ಕಿಟ್ಟರು. ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಬಡಿಸಿದ್ದನ್ನೆಲ್ಲ ತಿಂದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಊಟವಾದ ಮೇಲೆ ಕಾಕು ನನ್ನನ್ನು ಬೇವಿನ ಗಿಡದ ಹತ್ತಿರ ಕರೆದೊಯ್ದಳು. ಮೊದಲ ಕವಲಿನಲ್ಲಿ, ಅವಳ ತಲೆಗಿಂತ ಎತ್ತರದಲ್ಲಿ, ಒಣಹುಲ್ಲಿನ ಒಂದು ಚೆಂಡು. ಜಾರಿ ಬೀಳದಂತೆ ತನ್ನ ಹಳೆಯ ಸೀರೆಯ ಅಂಚಿನಿಂದ ಕಟ್ಟಿದ್ದಳು. "ಕವಳಿ ಕಂಟ್ಯಾಗ ಸಿಕ್ತು ನೋಡ್ರಿ ಅಕ್ಕೋರ. ಒಳಗ ತತ್ತಿ ಅವ. ಅಷ್ಟ ಕೆಳಗ, ಮುಳ್ಳಿನ ನಡುವ ಇಟ್ಟಿತ್ತು, ಹುಚ್ಚ ಹಕ್ಕಿ. ಮಾಸ್ತರ ಹಕ್ಕಿ ಇದ್ದೀತಂತ ನಾ ಕೈಯಾರೆ ತೆಗೆದು ಮ್ಯಾಲ ಇಟ್ಟೇನಿ. ಇಲ್ಲಾದ್ರ ಗಾಳಿ, ಬೆಳಕು ಚಲೋ ಅದ. ತಾಯಿ ಬರತದ."

ಅವರು ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ಈ ವರ್ಷವೂ ಗೂಡು ಕಟ್ಟಿದ್ದವು. ನಾನು ಕಾಕುವಿನ ಭುಜಕ್ಕೆ ತಲೆಯಿಟ್ಟು ಅತ್ತೆ. ಗಂಡನನ್ನು ನೆನೆದು ಅಳುತ್ತಿದ್ದೇನೆ ಎಂದು ಅವಳು ಬೆನ್ನು ಸವರಿದಳು. ಅದು ಸುಳ್ಳೂ ಆಗಿರಲಿಲ್ಲ.

ಆಮೇಲೆ ಒಂದಷ್ಟು ದಿನ ನಾನು ಮನೆಯೊಳಗೆ ಒಬ್ಬಳೇ ಕೂತು ಬೈದೆ. ಊರನ್ನು ಬೈದೆ. ಸತ್ತವರನ್ನು ಹೆಚ್ಚು ಬೈದೆ. ಕಾಲೇಜಿನಲ್ಲಿ ಹುಡುಗರಿಗೆ ಗಂಟೆಗಟ್ಟಲೆ ಹೇಳಿದವರು, ದೇಶದೇಶದವರಿಗೆ ಬರೆದು ಕಳಿಸಿದವರು, ಪಕ್ಕದ ಮನೆಯ ಕಾಕಾನಿಗೆ ಹೇಳಲಿಲ್ಲವಲ್ಲ, ಕಾಲಿನ ಮುಳ್ಳು ತೆಗೆಯುವ ಕಾಕುವಿಗೆ ಹೇಳಲಿಲ್ಲವಲ್ಲ ಎಂದು. ಗೋಡೆಯ ಮೇಲಿನ ಫೋಟೋದ ಮುಂದೆ ನಿಂತು ಜಗಳ ಆಡಿದೆ. ಫೋಟೋ ಸುಮ್ಮನೆ ನಗುತ್ತಿತ್ತು.

ದಿನಾ ಬೆಳಿಗ್ಗೆ ಹೋಗಿ ಬಂಡೆಯ ಮೇಲೆ ಕೂತೆ. ಕಾಗೆ ಕೂಗಿತು, ಗಿಳಿ ಕೂಗಿತು, ಗುಡಿಸಿದ ನೆಲದ ಮೇಲೆ ಮೈನಾಗಳು ಓಡಾಡಿದವು. ಆ ಸಣ್ಣ ದನಿ ಬರಲಿಲ್ಲ. ಎತ್ತರದ ಆ ಗೂಡಿಗೆ ತಾಯಿ ಬರುವುದಿಲ್ಲ ಎಂದು ಗೊತ್ತಿದ್ದರೂ ನೋಡುತ್ತಿದ್ದೆ. ಒಂದು ದಿನ ನೋಡಿದಾಗ ಗೂಡಿನ ಬಾಯಿ ಹರಿದಿತ್ತು, ಒಳಗೆ ಏನೂ ಇರಲಿಲ್ಲ. ಕಾಗೆಯ ಕೆಲಸ. ಅದೇ ದಿನ ಸಂಜೆ ಕಾಕು ಓಡಿ ಬಂದು, "ಅಕ್ಕೋರ, ಗೂಡು ಖಾಲಿ ಆಗ್ಯದ. ಮರಿ ಎದ್ದು ಹಾರಿ ಹೋಗ್ಯಾವ" ಎಂದಳು. ಬಾಗಿಲಲ್ಲಿ ನಿಂತು ಸಕ್ಕರೆ ಹಂಚಿದಳು. ನಾನು ಕೈಯೊಡ್ಡಿ ಸಕ್ಕರೆ ತೆಗೆದುಕೊಂಡೆ.

ಬರಬರುತ್ತ ಊರಲ್ಲಿ ಇನ್ನೊಂದು ಮಾತು ಹುಟ್ಟಿತು. ಮಾಸ್ತರ ಹಕ್ಕಿಗಳು ಈಗ ಕಾಣುವುದಿಲ್ಲ, ಮಾಸ್ತರ ಸಂಗಡವೇ ಹೋದವು ಎಂದು. ಬಾವಿಯ ಹತ್ತಿರ ಹೆಂಗಸರು ಇದನ್ನು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಸುರಪುರದ ಸಂತೆಗೆ ಹೋದಾಗ ನನಗೆ ಗುರುತಿಲ್ಲದವರೊಬ್ಬರು ಅದೇ ಕಥೆಯನ್ನು ನನಗೇ ಹೇಳಿದರು. ಕೇಳಿಕೊಂಡು ಬಂದೆ. ಕೆಲವು ದಿನ ಅದನ್ನು ನಂಬೋಣ ಎಂದು ನನಗೂ ಅನಿಸಿತು.

ವರ್ಷ ತುಂಬುತ್ತ ಬಂತು. ಕಾಕಾ ಒಂದು ಸಂಜೆ ಬಂದು ಪಡಸಾಲೆಯಲ್ಲಿ ಕೂತರು. ಮುಖದಲ್ಲಿ ಹುರುಪಿತ್ತು. "ಅಕ್ಕೋರ, ವರ್ಷದ ಕಾರ್ಯಕ್ಕ ಊರ ಮಂದಿ ಒಂದ ಮಾತ ಆಡ್ಯಾರ. ಹಿಂದಿನ ಗುಡ್ಡದ ಕಂಟಿ ಹಂಗ ಉಳದದಲ್ಲ, ಮಾಸ್ತರ ಅಲ್ಲೀನೂ ಅಡ್ಡಾಡ್ಯಾರ. ಈ ಸಲ ಅದನ್ನ ಹಸನ ಮಾಡಿಬಿಡೂನು. ನೀವು ಹೂಂ ಅನ್ರಿ" ಎಂದರು.

ನನಗೆ ಹೂಂ ಎನ್ನಲು ಬರಲಿಲ್ಲ. ಅಳುತ್ತ ಹೇಳಬಾರದು ಎಂದು ಎದ್ದು ನೀರು ಕುಡಿದು ಬಂದು ಕೂತೆ. ಆಮೇಲೆ ಹೇಳಿದೆ. ಮಕ್ಕಳಿಗೆ ಪಾಠ ಹೇಳುವ ಹಾಗೆ, ಒಂದೊಂದಾಗಿ. ಆ ಹಕ್ಕಿ ಮುಳ್ಳಿನಲ್ಲೇ ಯಾಕೆ ಕಟ್ಟುತ್ತದೆ, ಬಯಲಿನ ಮೇಲೆ ಯಾಕೆ ಹಾರುವುದಿಲ್ಲ, ಮುಂದಿನ ಗುಡ್ಡದಿಂದ ಹಿಂದಿನ ಗುಡ್ಡಕ್ಕೆ ಅದು ಹೋಗಿರಲಾರದು ಏಕೆ. ಹಿಂದಿನ ಗುಡ್ಡದಲ್ಲಿ ನಾಲ್ಕು ಇದ್ದರೆ ಇವೆ, ಇಲ್ಲದಿದ್ದರೆ ಇಲ್ಲ, ಆದರೆ ಇರುವುದಾದರೆ ಅಲ್ಲಿ ಮಾತ್ರ.

"ಹಂಗಾದ್ರ ಮಾಸ್ತರ ಸಂಗಟ ಹೋಗಿಲ್ಲೇನ್ರಿ ಅವು" ಎಂದರು ಕಾಕಾ ಕೊನೆಗೆ.

"ಇಲ್ಲ ಕಾಕಾ."

"ಮೊದಲನೇ ಕೊಡ್ಲಿ ನಂದು" ಎಂದರು. ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ತೆರೆದಿಟ್ಟುಕೊಂಡು ಅವುಗಳನ್ನೇ ನೋಡುತ್ತ ಕೂತರು. ದೀಪ ಹಚ್ಚುವ ಹೊತ್ತಾಗಿತ್ತು, ನಾನು ಏಳಲಿಲ್ಲ. ಆಮೇಲೆ ಅವರು, "ಹಿಂದಿನ ಗುಡ್ಡಕ್ಕ ಯಾರೂ ಹೋಗಂಗಿಲ್ಲ. ಅದು ನನಗ ಬಿಡ್ರಿ. ಆದ್ರ ಅಕ್ಕೋರ, ನಿಮ್ಮ ಕಾಲ ಬೀಳ್ತೇನಿ, ಇದನ್ನ ನಮ್ಮಾಕಿ ಮುಂದ ಹೇಳಬ್ಯಾಡ್ರಿ. ಆ ಗೂಡು ಕೈಯಾರೆ ತೆಗೆದಾಕಿ ಆಕಿ. ಆಕಿಗೆ ಮಕ್ಕಳಿಲ್ಲ. ತಡಕೊಳ್ಳಾಂಗಿಲ್ಲ" ಎಂದರು.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಕಾಕಾ ಊರಿನವರಿಗೆ ಏನು ಹೇಳಿದರೋ, ಹೇಗೆ ಹೇಳಿದರೋ. ಕಾರಣ ಹೇಳಿದರೆ ಅದು ಕಾಕುವಿನ ಕಿವಿಗೂ ಬೀಳುತ್ತದೆ, ಹಾಗಾಗಿ ಅಕ್ಕೋರಿಗೆ ಮನಸ್ಸಿಲ್ಲ, ಬೇಡ ಅಂದಿದ್ದಾರೆ ಎಂದಷ್ಟೇ ಹೇಳಿರಬೇಕು. ಮರುದಿನವೇ ಕಾಕು ಬಂದಳು. ಯಾವತ್ತೂ ನೇರ ಅಡುಗೆಮನೆಗೆ ಬರುವವಳು ಅಂಗಳದಲ್ಲೇ ನಿಂತಳು.

"ಊರ ಮಂದಿ ಮಾಡೋದು ಬ್ಯಾಡ ಅಂದೀರಂತ. ಹೌದೇನ್ರಿ?"

"ಒಂದ ಗುಡ್ಡ ಸಾಕು ಕಾಕು" ಎಂದೆ.

"ಸಾಕ?" ಎಂದಳು. "ಅಂಥಾ ಮನಷ್ಯಾಗ ನಾವು ಇಷ್ಟ ಮಾಡಿದ್ದೂ ನಿಮಗ ಜಾಸ್ತಿ ಆತು? ಒಂದ ವರ್ಷಕ್ಕ ಸಾಕಾದ್ರೇನ್ರಿ ಅವರು ನಿಮಗ?"

ನಾನು ಬಾಯಿ ತೆರೆದೆ. ಅವಳ ಹಿಂದೆ, ತಮ್ಮ ಮನೆಯ ಬಾಗಿಲಲ್ಲಿ, ಕಾಕಾ ನಿಂತಿದ್ದರು. ಬಾಯಿ ಮುಚ್ಚಿಕೊಂಡೆ. ಅವಳು ಸೆರಗು ಸರಿಮಾಡಿಕೊಂಡು ಹೋದಳು. ವರ್ಷದ ಕಾರ್ಯಕ್ಕೆ ಊರೆಲ್ಲ ಬಂತು, ಕಾಕು ಬರಲಿಲ್ಲ. ಹಿಂದಿನ ಗುಡ್ಡಕ್ಕೆ ಯಾರೂ ಕೊಡಲಿ ಒಯ್ದಿಲ್ಲ, ಕಾಕಾ ಅದನ್ನು ನಡೆಸಿಕೊಟ್ಟಿದ್ದಾರೆ. ಈ ಮಳೆಗೆ ಅಲ್ಲಿ ಹೋಗಿ ಕೂರುತ್ತಿದ್ದೇನೆ, ಇನ್ನೂ ದನಿ ಕೇಳಿಲ್ಲ. ಬರುವಾಗ ಕಾಲಿಗೆ ಮುಳ್ಳು ನಟ್ಟಿರುತ್ತದೆ. ಕಾಕು ತನ್ನ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿರುತ್ತಾಳೆ. ನಾನು ಕುಂಟುವುದನ್ನು ನೋಡುತ್ತಾಳೆ, ಮೊರದ ಕಡೆ ಮುಖ ತಿರುಗಿಸುತ್ತಾಳೆ.